ಎಷ್ಟಕ್ಕೆ ಎಷ್ಟು? ಮಲೆನಾಡಿನಲ್ಲಿ ರೇಡಿಯೊ ಕ್ರೀಡಾ ವಿವರಣೆಗಾರರಾಗಲು ಹೊರಟವರಿಗೆ

ತೀರ್ಥಹಳ್ಳಿ ಕಡೆಯ ಒಂದು ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ನಾನು ಮೊದಲ ಸಲ ಮೈಕ್ ಹಿಡಿದೆ. ಗದ್ದೆಯಾಚೆಯ ಮನೆಯಲ್ಲಿ ನಮ್ಮ ಚಿಕ್ಕಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಧ್ವನಿವರ್ಧಕದ ಒಂದು ಹಾರ್ನ್ ಅವರ ಮನೆಗೇ ಮುಖ ಮಾಡಿತ್ತು. ನಡುರಾತ್ರಿಯವರೆಗೆ ಗಂಟಲು ಹರಿದುಕೊಂಡು ಬಂದವನಿಗೆ ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಮೋಘ, ಅದ್ಭುತ ಎಂದು ರಾತ್ರಿಯೆಲ್ಲ ಕೂಗಿದೆಯಲ್ಲೋ ಮಾರಾಯ, ಕೊನೆಗೆ ಎಷ್ಟಕ್ಕೆ ಎಷ್ಟು?”

ಅಂಕ ಹೇಳುವುದನ್ನೇ ಮರೆತಿದ್ದೆ. ಅಂಗಳದ ಸುತ್ತ ನಿಂತವರಿಗೆ ಫಲಕ ಕಾಣುತ್ತಿತ್ತು, ಚಿಕ್ಕಮ್ಮನಿಗೆ ನನ್ನ ಬಾಯಿಯೇ ಫಲಕ. ಅವರ ಕೈ ಕೆಲಸದಲ್ಲಿತ್ತು, ಕಣ್ಣು ಕತ್ತಿಯ ಮೇಲಿತ್ತು, ಬಿಡುವಾಗಿದ್ದದ್ದು ಕಿವಿ ಮಾತ್ರ. ರೇಡಿಯೊ ಕೇಳುಗರೆಂದರೆ ಇವರೇ. ಈ ಕಸುಬಿಗೆ ಬರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ದಾರಿ ಕೇಳುತ್ತಾರೆ. ಚಿಕ್ಕಮ್ಮನನ್ನು ಎದುರಿಗೆ ಕೂರಿಸಿಕೊಂಡೇ ಅದನ್ನು ಹೇಳುತ್ತೇನೆ.

ಮೊದಲು ದುಡ್ಡಿನ ಮಾತು

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ‘ಕ್ರೀಡಾ ವಿವರಣೆಗಾರ’ ಎಂಬ ಕಾಯಂ ಹುದ್ದೆಯನ್ನು ನಾನು ಕಂಡಿಲ್ಲ. ಇರುವುದೆಲ್ಲ ತುಂಡು ಕೆಲಸ. ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರಿಗೆ ಸಾಮಾನ್ಯವಾಗಿ ತಿಂಗಳಿಗೆ ಆರಕ್ಕಿಂತ ಹೆಚ್ಚು ಪಾಳಿ ಸಿಗುವುದಿಲ್ಲ. ಊರಿನ ಪಂದ್ಯಾವಳಿಗಳು ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಕೆಸರು ಗದ್ದೆಯ ಆಟಗಳನ್ನು ಬಿಟ್ಟರೆ ಮೈದಾನದಲ್ಲಿ ಕಪ್ಪೆಗಳೇ ಆಡಬೇಕು. ಹಾಗಾಗಿ ಇನ್ನೊಂದು ಕಸುಬು ಕೈಯಲ್ಲಿರಲಿ. ನನಗೆ ಗೊತ್ತಿರುವ ಒಳ್ಳೆಯ ವಿವರಣೆಗಾರರಲ್ಲಿ ದೈಹಿಕ ಶಿಕ್ಷಕರಿದ್ದಾರೆ, ತೋಟ ಮಾಡುವವರಿದ್ದಾರೆ, ವಿಮಾ ಏಜೆಂಟರೂ ಇದ್ದಾರೆ. ಮದುವೆ ನಿರೂಪಣೆ, ಜಾಹೀರಾತಿಗೆ ಧ್ವನಿ ಕೊಡುವುದು, ಯೂಟ್ಯೂಬ್ ನೇರ ಪ್ರಸಾರಕ್ಕೆ ಮಾತನಾಡುವುದು, ಇವನ್ನು ಕೀಳೆಂದು ತಿಳಿಯಬೇಡಿ. ರೇಡಿಯೊದ ಹುಚ್ಚಿಗೆ ಅಕ್ಕಿ ಬೇಳೆ ಕೊಡಿಸುವುದು ಅವೇ.

ಇನ್ನೊಂದು ಮಾತು. ಒಪ್ಪಿಕೊಳ್ಳುವ ದಿನವೇ ಮೊತ್ತವನ್ನು ಬಾಯಿಬಿಟ್ಟು ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. “ನಮ್ಮ ಹುಡುಗನೇ ಅಲ್ಲವೇ” ಎಂದು ಶುರುವಾಗುವ ಆಮಂತ್ರಣ ಶಾಲು, ಹಾರ, ಸ್ಮರಣಿಕೆಯಲ್ಲಿ ಮುಗಿಯುತ್ತದೆ. ನಮ್ಮ ಮನೆಯ ಅಟ್ಟದ ತುಂಬ ಸ್ಮರಣಿಕೆಗಳಿವೆ. ಕಿರಾಣಿ ಅಂಗಡಿಯವರು ಇದುವರೆಗೆ ಒಂದನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಒಂದು ಆಟವನ್ನು ಬೇರುಸಮೇತ ಕಲಿಯಿರಿ

ಎಲ್ಲರೂ ಕ್ರಿಕೆಟ್‌ನಿಂದ ಶುರು ಮಾಡುತ್ತಾರೆ. ನೀವು ಕಬಡ್ಡಿಯಿಂದಲೋ ವಾಲಿಬಾಲ್‌ನಿಂದಲೋ ಶುರು ಮಾಡಿ. ಇಲ್ಲಿ ಹೆಚ್ಚು ನಡೆಯುವ ಆಟಗಳು ಅವು, ಮಾತನಾಡುವವರು ಬೇಕಾಗಿರುವುದೂ ಅಲ್ಲೇ. ಕ್ರಿಕೆಟ್‌ನಲ್ಲಿ ಎಸೆತ ಎಸೆತದ ನಡುವೆ ಯೋಚಿಸಲು ಸಮಯವಿದೆ. ಕಬಡ್ಡಿಯ ದಾಳಿಗಿರುವುದು 30 ಸೆಕೆಂಡು. ಅಷ್ಟರೊಳಗೆ ನೋಡಿ, ತಿಳಿದು, ಹೇಳಿ, ಅಂಕ ಕೊಟ್ಟು ಮುಗಿಸಿದವರಿಗೆ ಮುಂದೆ ಯಾವ ಆಟವೂ ಕಷ್ಟವಾಗುವುದಿಲ್ಲ.

ನಿಯಮ ಬಾಯಿಪಾಠವಾದರೆ ಸಾಲದು, ಅದು ಕಣ್ಣಿಗೆ ಇಳಿಯಬೇಕು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ 3.75 ಮೀಟರಿಗೆ ದಾಳಿಗೆ ಹೋದವರು ದಾಟಬೇಕಾದ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಅಂಗಳದಲ್ಲಿ ಎದುರಾಳಿಗಳು ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಅಂಕ. ತಂಡ ಪೂರ್ತಿ ಖಾಲಿಯಾದರೆ ಲೋನಾ, ಎದುರಿನವರಿಗೆ ಎರಡು ಹೆಚ್ಚುವರಿ ಅಂಕ. ಇದನ್ನೆಲ್ಲ ಯಾರು ಬೇಕಾದರೂ ಓದಿ ಹೇಳಬಹುದು. ಆದರೆ ದಾಳಿಗೆ ಹೊರಡುವ ಮೊದಲೇ “ಎದುರಿಗೆ ಐವರೇ ಇದ್ದಾರೆ, ಬೋನಸ್ ಇಲ್ಲ, ಮುಟ್ಟಿಯೇ ಬರಬೇಕು” ಎಂದು ನಿಮ್ಮ ಬಾಯಿಂದ ತಾನಾಗಿ ಬಂದರೆ ಆಟ ನಿಮ್ಮೊಳಗೆ ಇಳಿದಿದೆ ಎಂದು ಲೆಕ್ಕ.

ಅದಕ್ಕೊಂದು ಉಪಾಯ: ಮೈಕ್ ಮುಟ್ಟುವ ಮೊದಲು ಒಂದು ಹಂಗಾಮು ಅಂಕ ಬರೆಯುವವರ ಪಕ್ಕದಲ್ಲಿ ಕುಳಿತುಕೊಳ್ಳಿ. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಶಾಲಾ ಕ್ರೀಡಾಕೂಟ ನಡೆಯುವಾಗ ಒಂದು ಜೊತೆ ಹೆಚ್ಚುವರಿ ಕೈ ಬೇಡ ಎನ್ನುವವರು ಯಾರೂ ಇಲ್ಲ. ತೀರ್ಪುಗಾರರ ಕೈಸನ್ನೆಗಳು ಅಲ್ಲಿ ರೂಢಿಯಾಗುತ್ತವೆ. ಸೀಟಿ ಊದಿದ ಮೇಲೆ ಅಂಕ ಯಾರಿಗೆ ಹೋಯಿತೆಂದು ಪಕ್ಕದವರನ್ನು ಕೇಳುವ ವಿವರಣೆಗಾರ ರೇಡಿಯೊಗೆ ದಂಡ.

ಕ್ರಿಯಾಪದದ ತೊಂದರೆ

ಇದನ್ನು ಯಾವ ತರಬೇತಿಯಲ್ಲೂ ಯಾರೂ ನನಗೆ ಹೇಳಿಕೊಡಲಿಲ್ಲ. ಕನ್ನಡದ ವಾಕ್ಯದಲ್ಲಿ ಏನಾಯಿತು ಎಂಬುದು ಕೊನೆಯಲ್ಲಿ ಬರುತ್ತದೆ. “ಏಳನೇ ನಂಬರಿನ ಆಟಗಾರರು ಬಲ ಮೂಲೆಯಲ್ಲಿ ನಿಂತಿದ್ದ ಎದುರಾಳಿಯ ಕಾಲನ್ನು ತಮ್ಮ ಎಡಗೈಯಿಂದ” ಎನ್ನುವಷ್ಟರಲ್ಲಿ ಆ ಆಟಗಾರರು ಮುಟ್ಟಿ, ಮರಳಿ, ನೀರು ಕುಡಿಯುತ್ತಿರುತ್ತಾರೆ. ಕೇಳುಗರು ಮಾತ್ರ ‘ಮುಟ್ಟಿದರು’ ಎಂಬ ಪದಕ್ಕೆ ಕಾಯುತ್ತಿರುತ್ತಾರೆ.

ಪರಿಹಾರವೂ ಕನ್ನಡದಲ್ಲೇ ಇದೆ. ವಾಕ್ಯ ತುಂಡು ಮಾಡಿ. ಬಿಸಿ ಏರಿದಾಗ ಕ್ರಿಯಾಪದವನ್ನು ಮುಂದಕ್ಕೆ ಎಳೆಯಿರಿ: “ಬಿತ್ತು ವಿಕೆಟ್!” “ಬಂತು ಬೌಂಡರಿ!” ಹಳಬರು ಇದನ್ನು ಸುಮ್ಮನೆ ರೂಢಿಸಿಕೊಂಡವರಲ್ಲ. ಇನ್ನೂ ಅವಸರವಿದ್ದರೆ ಕ್ರಿಯಾಪದವನ್ನೇ ಬಿಟ್ಟು ನಾಮಪದಗಳಲ್ಲಿ ಓಡಿ: “ಕಣಕಾಲಿಗೆ ಕೈ. ಸೊಂಟಕ್ಕೆ ಇನ್ನೊಂದು ಹಿಡಿತ.”

ಬಹುವಚನದ್ದು ಇನ್ನೊಂದು ಗೋಜಲು. ಆಕಾಶವಾಣಿಯ ಮರ್ಯಾದೆಯ ಭಾಷೆಯಲ್ಲಿ ಒಬ್ಬ ಆಟಗಾರನೂ ‘ಹಿಡಿದರು’, ನಾಲ್ವರೂ ‘ಹಿಡಿದರು’. ಕಬಡ್ಡಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಒಬ್ಬರೇ ಹಿಡಿದದ್ದು ಸಾಹಸ, ನಾಲ್ವರು ಹಿಡಿದದ್ದು ಲೆಕ್ಕಾಚಾರ. ಏಕವಚನಕ್ಕೆ ಇಳಿಯುವುದು ನನಗೆ ಒಗ್ಗುವುದಿಲ್ಲ, ಹಾಗಾಗಿ ‘ಒಬ್ಬರೇ’, ‘ಇಬ್ಬರು’, ‘ಪೂರ್ತಿ ಸರಪಳಿ’ ಎಂದು ಎಣಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದೇ ದಾಳಿಯನ್ನು ಎರಡು ರೀತಿಯಲ್ಲಿ ಹೇಳಿ ನೋಡೋಣ. ನಾನು ಮೊದಲ ರಾತ್ರಿ ಹೇಳಿದ್ದು ಹೀಗಿತ್ತು: “ಅಗೋ ಬಂದರು ನೋಡಿ ಸಿಂಹದ ಮರಿಯಂತೆ! ಎಂಥ ಆಟ, ಎಂಥ ಆಟ! ಅಯ್ಯೋ, ಅದ್ಭುತ ಹಿಡಿತ! ಪ್ರೇಕ್ಷಕರೇ, ಚಪ್ಪಾಳೆ!”

ಈಗಾದರೆ ಹೀಗೆ ಹೇಳುತ್ತೇನೆ: “ಸಾಗರ ಹದಿನೆಂಟು, ಸೊರಬ ಹದಿನಾರು. ಸೊರಬದ ಅಂಗಳದಲ್ಲಿ ಐವರು. ದಾಳಿಗೆ ಸಾಗರದ ಏಳನೇ ನಂಬರ್, ಎಡಗೈ ಆಟಗಾರರು. ದಾಟಿದರು ಬಾಕ್ ಲೈನ್. ದೇವಸ್ಥಾನದ ಕಡೆಯ ಮೂಲೆಗೆ ನಡೆ. ಕಾಲು ಚಾಚಿದರು, ಸಿಗಲಿಲ್ಲ. ತಿರುಗಿದರು. ಕಣಕಾಲಿಗೆ ಕೈ, ಒಬ್ಬರದೇ! ಎಳೆಯುತ್ತಿದ್ದಾರೆ, ಎಳೆಯುತ್ತಿದ್ದಾರೆ, ಮಧ್ಯರೇಖೆಗೆ ಒಂದು ಮೊಳ, ಒಂದು ಗೇಣು... ಸೊಂಟಕ್ಕೆ ಎರಡನೇ ಹಿಡಿತ. ಮುಗಿಯಿತು. ಸೊರಬಕ್ಕೆ ಅಂಕ. ಹದಿನೆಂಟು, ಹದಿನೇಳು.”

ಮೊಳ, ಗೇಣು, ಮಾರು. ಇವನ್ನು ಬಿಡಬೇಡಿ. ಚಿಕ್ಕಮ್ಮನಿಗೆ ಇಪ್ಪತ್ತು ಸೆಂಟಿಮೀಟರ್ ಎಂದರೆ ಏನೂ ಕಾಣುವುದಿಲ್ಲ, ಒಂದು ಗೇಣು ಎಂದರೆ ಕೈ ಕಾಣುತ್ತದೆ. ಆದರೆ ಹಟಕ್ಕೆ ಬಿದ್ದು ಎಲ್ಲವನ್ನೂ ಕನ್ನಡಿಸಲು ಹೋಗಬೇಡಿ. ‘ದಾಂಡಿಗ’, ‘ಎಸೆತ’, ‘ದಾಳಿ’, ‘ಅಂಕಣ’ ಕಿವಿಗೆ ಹಿತವಾಗಿ ಕೂತಿವೆ. ‘ಗೂಟರಕ್ಷಕ’ ಎಂದರೆ ಇಂದಿಗೂ ಹುಡುಗರು ನಗುತ್ತಾರೆ; ವಿಕೆಟ್ ಕೀಪರ್ ಎನ್ನಿ, ಯಾರ ಗಂಟೂ ಹೋಗುವುದಿಲ್ಲ.

ಮೈದಾನವನ್ನು ಮೊದಲು ಹಂಚಿಬಿಡಿ

1927ರ ಜನವರಿ 15ರಂದು ಬಿಬಿಸಿ ಮೊದಲ ಬಾರಿಗೆ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ರಗ್ಬಿ ಪಂದ್ಯದ ನೇರ ವಿವರಣೆ ಪ್ರಸಾರ ಮಾಡಿತು. ವಿವರಣೆಗಾರ ಟೆಡ್ಡಿ ವೇಕ್‌ಲಮ್ ಅವರ ಎದುರಿಗೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿದ್ದರು, ಅವರಿಗೆ ಆಟ ತೋರಿಸುವಂತೆ ಮಾತನಾಡಲಿ ಎಂದು. ಮೈದಾನವನ್ನು ಚೌಕಗಳಾಗಿ ವಿಂಗಡಿಸಿದ ನಕ್ಷೆಯೂ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಚೆಂಡು ಎಷ್ಟನೇ ಚೌಕದಲ್ಲಿದೆ ಎಂದು ಇನ್ನೊಂದು ಧ್ವನಿ ಹೇಳುತ್ತಿತ್ತು. ಇದನ್ನು ಓದಿದ ದಿನ ನನಗೆ ಚಿಕ್ಕಮ್ಮ ನೆನಪಾದರು.

ನಮಗೆ ನಕ್ಷೆ ಬೇಡ, ಊರೇ ಇದೆ. ಪಂದ್ಯ ಶುರುವಾಗುವ ಮೊದಲು ಒಂದು ನಿಮಿಷ ತೆಗೆದುಕೊಂಡು ದಿಕ್ಕು ಕಟ್ಟಿಕೊಡಿ: “ನನ್ನ ಬಲಕ್ಕೆ ದೇವಸ್ಥಾನ, ಎಡಕ್ಕೆ ಹಲಸಿನ ಮರ, ಎದುರಿಗೆ ಕೆರೆ ಏರಿ.” ಆಮೇಲೆ ಇಡೀ ರಾತ್ರಿ ಅದೇ ಗುರುತು. ಬದಿ ಬದಲಾದಾಗ ಅದನ್ನೂ ಹೇಳಿ. ಶಿವಮೊಗ್ಗದ ನವುಲೆಯ ಕ್ರೀಡಾಂಗಣದ ಕ್ರಿಕೆಟ್‌ಗಾದರೆ ‘ಪೆವಿಲಿಯನ್ ಕಡೆಯ ತುದಿ’ ಎಂದರೆ ಸಾಕು.

ಅಂಕದ ವಿಷಯಕ್ಕೆ ಬಂದರೆ, ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ರೆಡ್ ಬಾರ್ಬರ್ ಮೂರು ನಿಮಿಷದ ಮರಳು ಗಡಿಯಾರವನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಮರಳು ಇಳಿದರೆ ಸ್ಕೋರ್ ಹೇಳುವುದು, ಗಡಿಯಾರ ತಿರುಗಿಸುವುದು. ನಾನು ಹಾಳೆಯ ತಲೆಯಲ್ಲಿ ಕೆಂಪು ಪೆನ್ಸಿಲಿನಿಂದ ‘ಎಷ್ಟಕ್ಕೆ ಎಷ್ಟು?’ ಎಂದು ಬರೆದುಕೊಳ್ಳುತ್ತೇನೆ. ಕಬಡ್ಡಿಯಲ್ಲಿ ಪ್ರತಿ ದಾಳಿಗೆ, ವಾಲಿಬಾಲ್‌ನಲ್ಲಿ ಪ್ರತಿ ಸರ್ವಿಸ್‌ಗೆ, ಕ್ರಿಕೆಟ್‌ನಲ್ಲಿ ಎರಡು ಮೂರು ಎಸೆತಕ್ಕೊಮ್ಮೆ. ಹೇಳಿದ್ದನ್ನೇ ಹೇಳಿದಂತಾಗುತ್ತದೆ ಎಂಬ ಸಂಕೋಚ ಬೇಡ. ಈ ಕ್ಷಣ ರೇಡಿಯೊ ಹಾಕಿದವರೊಬ್ಬರು ಇದ್ದೇ ಇರುತ್ತಾರೆ.

ಮನೆಯಲ್ಲಿ ಅಭ್ಯಾಸ

ಟಿವಿಯ ಧ್ವನಿ ಅಡಗಿಸಿ ಮೊಬೈಲ್‌ನಲ್ಲಿ ನಿಮ್ಮ ವಿವರಣೆ ಧ್ವನಿಮುದ್ರಿಸಿಕೊಳ್ಳಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಮುಂದೆ ಕುಳಿತರೆ ಪ್ರತಿಧ್ವನಿ ಕಡಿಮೆ. ಕೇಳಿಸಿಕೊಳ್ಳುವುದು ಮಾತ್ರ ಮರುದಿನ. ಅದೇ ದಿನ ಕೇಳಿದರೆ ಆಟ ನಿಮಗೆ ನೆನಪಿರುತ್ತದೆ, ತಪ್ಪಿದ್ದು ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿ ಕೇಳಿ, ಆಟ ಎಲ್ಲಿ ಕತ್ತಲಾಯಿತೋ ಅಲ್ಲಿ ಗುರುತು ಹಾಕಿ. ಮನೆಯವರ ಮುಂದೆ ಹಾಕಿ ಅಂಕ ಕೇಳುವುದು ಇನ್ನೂ ಕಠಿಣ ಪರೀಕ್ಷೆ.

ಉಚ್ಚಾರಣೆಗೆ ದಿನಕ್ಕೆ ಹದಿನೈದು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ‘ಹಾಸನ’ ‘ಆಸನ’ವಾಗಬಾರದು, ‘ಶಿಕಾರಿಪುರ’ ‘ಸಿಕಾರಿಪುರ’ವಾಗಬಾರದು. ಅಲ್ಪಪ್ರಾಣ ಮಹಾಪ್ರಾಣ, ಲಕಾರ ಳಕಾರ ಇಲ್ಲಿ ಎಡವಿದವರು ಧ್ವನಿಪರೀಕ್ಷೆಯಲ್ಲಿ ಮೊದಲ ನಿಮಿಷದಲ್ಲೇ ಹೊರಗೆ.

ತಾಳಮದ್ದಲೆ ಎಲ್ಲಿ ನಡೆದರೂ ಹೋಗಿ ಕುಳಿತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕುಳಿತಲ್ಲೇ ಮಾತಿನಿಂದ ರಥ, ಕುದುರೆ, ರಣರಂಗ ಎಲ್ಲವನ್ನೂ ಎಬ್ಬಿಸುತ್ತಾರೆ. ಅವರ ಅಲಂಕಾರವನ್ನು ನಕಲು ಮಾಡಬೇಡಿ, ಕಬಡ್ಡಿಗೆ ಅಷ್ಟು ಪುರುಸೊತ್ತಿಲ್ಲ. ಎದುರಿನವರು ಮುಗಿಸುವ ತನಕ ಕಾಯುವುದನ್ನು ಮತ್ತು ಬರೆದುಕೊಳ್ಳದೆ ಮಾತು ಹೊಂದಿಸುವುದನ್ನು ಕಲಿಯಿರಿ. ಇಬ್ಬರು ವಿವರಣೆಗಾರರು ಒಂದೇ ಸಲ ಮಾತನಾಡಿದರೆ ರೇಡಿಯೊದಲ್ಲಿ ಕೇಳುವುದು ಸಂತೆ. ನಾವು ಜೊತೆಯಾಗಿ ಕೂತಾಗ ಭುಜ ಮುಟ್ಟುವುದೇ ಸೂಚನೆ: ಮುಟ್ಟಿದರೆ ನಿಮ್ಮ ಸರದಿ.

ಪಂದ್ಯದ ದಿನ

ಎರಡು ಗಂಟೆ ಮೊದಲು ಹೋಗಿ. ಎರಡೂ ತಂಡದವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಆಯೋಜಕರು ಕೊಡುವ ಪಟ್ಟಿಯಲ್ಲಿ ಅರ್ಧ ಜನ ಬಂದಿರುವುದಿಲ್ಲ, ಉಳಿದವರ ಹೆಸರು ತಪ್ಪಿರುತ್ತದೆ. ಹೆಸರಿನ ಪಕ್ಕದಲ್ಲಿ ದೂರದಿಂದ ಕಾಣುವ ಒಂದು ಗುರುತು ಇರಲಿ: ಮಂಡಿಪಟ್ಟಿ, ಎತ್ತರ, ನಡಿಗೆ. ಕೆಸರು ಗದ್ದೆಯ ಆಟದಲ್ಲಿ ಐದು ನಿಮಿಷಕ್ಕೆ ಎಲ್ಲ ಜೆರ್ಸಿಯೂ ಒಂದೇ ಬಣ್ಣ, ನಂಬರ್ ಮಾಯ. ಆಗ ಕೈಹಿಡಿಯುವುದು ಈ ನಡಿಗೆಯೇ.

ಚೀಲದಲ್ಲಿ ಪೆನ್ನಿನ ಬದಲು ಪೆನ್ಸಿಲ್ ಇರಲಿ, ಹನಿ ಬಿದ್ದರೆ ಶಾಯಿ ಹರಡುತ್ತದೆ. ಬೈರಾಸು, ಛತ್ರಿ, ಟಾರ್ಚ್, ಇಯರ್‌ಫೋನ್, ಪವರ್ ಬ್ಯಾಂಕ್, ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ. ನೇರ ಹಿಡಿದರೆ ‘ಪ’, ‘ಭ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಫೋನ್ ಮೂಲಕ ಸ್ಟುಡಿಯೊಗೆ ಮಾತನಾಡುವುದಿದ್ದರೆ ಹಿಂದಿನ ದಿನ ಸಿಗ್ನಲ್ ಇತ್ತು ಎಂದು ನಂಬಬೇಡಿ. ಹೊಸನಗರದ ಗುಡ್ಡದ ಮರೆಯ ಊರಿನಲ್ಲಿ ಫೈನಲ್‌ಗೆ ಸಾವಿರ ಜನ ಮೊಬೈಲ್ ಹಿಡಿದು ನಿಂತಾಗ ಇದ್ದೊಂದು ಕಡ್ಡಿಯೂ ಹೋಗುತ್ತದೆ. ಹತ್ತಿರದ ಮನೆಯವರ ಬ್ರಾಡ್‌ಬ್ಯಾಂಡ್‌ಗೆ ಮೊದಲೇ ಮಾತನಾಡಿಟ್ಟುಕೊಳ್ಳಿ.

ಧ್ವನಿಯನ್ನು ಅರ್ಧದಲ್ಲಿ ಶುರು ಮಾಡಿ. ಮೊದಲ ದಾಳಿಗೇ ತಾರಕಕ್ಕೆ ಏರಿದರೆ ಕೊನೆಯ ಐದು ನಿಮಿಷಕ್ಕೆ ಎಲ್ಲಿಗೆ ಏರುತ್ತೀರಿ? ನಡುನಡುವೆ ಬಾಯಿ ಮುಚ್ಚಿ. ಆಟಗಾರರ “ಕಬಡ್ಡಿ ಕಬಡ್ಡಿ” ಎಂಬ ಉಸಿರು ಮೂರು ಸೆಕೆಂಡು ಹಾಗೇ ಕೇಳಿಸಲಿ.

ಇನ್ನು ಚೀಟಿಗಳ ಕಾಟ. ನಿರ್ಣಾಯಕ ದಾಳಿಯ ಹೊತ್ತಿಗೇ ಸಮಿತಿಯ ಒಬ್ಬರು ಬಂದು ಕೈಗೆ ಚೀಟಿ ತುರುಕುತ್ತಾರೆ: ಗಣ್ಯರು ಆಗಮಿಸಿದ್ದಾರೆ, ಸ್ವಾಗತಿಸಿ, ಊಟದ ಪ್ರಾಯೋಜಕರ ಹೆಸರು ಬಿಟ್ಟುಹೋಗಿದೆ, ಯಾರದೋ ಬೈಕ್ ದಾರಿಗೆ ಅಡ್ಡ ನಿಂತಿದೆ. ಎಲ್ಲವನ್ನೂ ನಗುನಗುತ್ತ ತೆಗೆದುಕೊಂಡು ಮೇಜಿನ ಮೇಲೆ ಕಲ್ಲು ಹೇರಿಡಿ. ವಿರಾಮಕ್ಕೆ ಒಟ್ಟಿಗೆ ಓದಿ. ರೇಡಿಯೊಗೆ ಹೋಗುವ ಧ್ವನಿಮುದ್ರಣದಲ್ಲಂತೂ ಒಂದೂ ಬೇಡ. ಆದರೆ ಬೈಕಿನ ಚೀಟಿಯನ್ನು ಕೂಡಲೇ ಓದಿ, ಆಂಬುಲೆನ್ಸ್ ಬರುವ ದಾರಿ ಅದೇ ಆಗಿರಬಹುದು.

ಆಟಗಾರರು ಬಿದ್ದರೆ ಕಂಡದ್ದನ್ನು ಮಾತ್ರ ಹೇಳಿ: “ಎದ್ದು ಕುಳಿತಿದ್ದಾರೆ, ನೀರು ಕೊಡುತ್ತಿದ್ದಾರೆ.” ಕಾಲು ಮುರಿದಿದೆ ಎಂದು ನೀವು ವೈದ್ಯರಾಗಬೇಡಿ, ಅವರ ತಾಯಿ ಕೇಳುತ್ತಿರಬಹುದು. ಶಿಕಾರಿಪುರ, ಸೊರಬದ ಕಡೆ ಓಡುವ ಹೋರಿಯ ಕೊರಳಿನ ಕೊಬ್ಬರಿ ಹಾರ ಕೀಳುವ ‘ಹೋರಿ ಬೆದರಿಸುವ ಸ್ಪರ್ಧೆ’ಗೆ ಕರೆದರೆ ಇದು ಇನ್ನೂ ಗಂಭೀರ. ಹೋರಿಗಳ ಹೆಸರಿನ ಗತ್ತು, ಕೊಬ್ಬರಿ ಹಾರ, ಜನರ ಕೇಕೆ ಎಲ್ಲ ಮಾತಿಗೆ ಹಬ್ಬವೇ. ಅಲ್ಲಿ ನಿಮ್ಮ ಮೊದಲ ಕೆಲಸ ಮಾತ್ರ ದಾರಿಯಲ್ಲಿ ನಿಂತ ಜನರನ್ನು ಆಚೆ ಸರಿಸುವುದು. ಪ್ರೇಕ್ಷಕರನ್ನು ಕೆಣಕುವ ಮಾತು ಆಡಿದ ದಿನ ಮನೆಗೆ ನೆಮ್ಮದಿಯಿಂದ ಹೋಗಲಾರಿರಿ.

ಮಳೆ ಬಂದರೆ

ಬರುತ್ತದೆ. ಅದಕ್ಕೊಂದು ನೋಟ್‌ಬುಕ್ ಬೇಕು, ಅರ್ಧ ಗಂಟೆ ತುಂಬುವಷ್ಟು ಸ್ಥಳೀಯ ಸರಕು ಅದರಲ್ಲಿರಬೇಕು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದರು. ಆಗ ಇಲ್ಲಿ ಟಿವಿ ಇರಲಿಲ್ಲ. ಹುಟ್ಟಿದೂರಿನವರು ಆ ಶತಕವನ್ನು ಹಿಂಬಾಲಿಸಬೇಕಿದ್ದದ್ದು ಕಿವಿಯಿಂದ. ಇಂಥದ್ದೊಂದಿದ್ದರೆ ಹತ್ತು ನಿಮಿಷ ಸಲೀಸು. ಊರಿನ ಹಳೆಯ ಆಟಗಾರರನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತನಾಡಿಸಿದರೆ ಮಳೆ ನಿಂತರೂ ಜನ ಅವರನ್ನು ಬಿಡುವುದಿಲ್ಲ.

ಕೇಂದ್ರದ ಬಾಗಿಲು

ಭದ್ರಾವತಿಯ ಆಕಾಶವಾಣಿ 1965ರಿಂದ ಇದೆ. 675 ಕಿಲೋಹರ್ಟ್ಸ್ ಎಂಬ ಸಂಖ್ಯೆಯನ್ನು ಕೇಳುತ್ತಲೇ ಬೆಳೆದ ತಲೆಮಾರು ನಮ್ಮದು. ತಾತ್ಕಾಲಿಕ ಉದ್ಘೋಷಕರಿಗೆ ಕೇಂದ್ರ ಪ್ರಕಟಣೆ ಹೊರಡಿಸಿದಾಗ ಅರ್ಜಿ ಹಾಕಬೇಕು. ಲಿಖಿತ ಪರೀಕ್ಷೆ, ಧ್ವನಿಪರೀಕ್ಷೆ, ಸಂದರ್ಶನ ಇರುತ್ತವೆ. ಆಯ್ಕೆಯಾದವರಿಗೆ ‘ವಾಣಿ’ ಎಂಬ ಪ್ರಸಾರ ತರಬೇತಿ. ಕೇಂದ್ರದಲ್ಲಿ ಮೊದಲ ದಿನವೇ ಕ್ರೀಡೆ ಕೊಡುವುದಿಲ್ಲ. ಕೃಷಿರಂಗ, ಚಿತ್ರಗೀತೆ, ಪೇಟೆಧಾರಣೆ ಎಲ್ಲವನ್ನೂ ಓದಿ. ಅಡಿಕೆ ಧಾರಣೆಯನ್ನು ತಪ್ಪಿಲ್ಲದೆ ಓದಿದವರನ್ನು ಮಲೆನಾಡು ಬೇಗ ನಂಬುತ್ತದೆ.

ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆದರೆ ಕೇಂದ್ರ ಸರ್ಕಾರದ 2011ರ ಎಫ್‌ಎಂ ನೀತಿಯಲ್ಲಿ ಸ್ಥಳೀಯ ಮಟ್ಟದ ಕ್ರೀಡಾಕೂಟಗಳ ನೇರ ವಿವರಣೆಗೆ ಅವಕಾಶವಿದೆ. ಸಮುದಾಯ ರೇಡಿಯೊಗಳ ವ್ಯಾಪ್ತಿ ಕಿರಿದು, ಹೊಸಬರಿಗೆ ಬಾಗಿಲು ತೆರೆಯುವುದರಲ್ಲಿ ಅವು ಉದಾರಿ. ಅಲ್ಲಿಗೆ ಬರಿಗೈಯಲ್ಲಿ “ಅವಕಾಶ ಕೊಡಿ” ಎಂದು ಹೋಗಬೇಡಿ. “ಮುಂದಿನ ತಿಂಗಳು ಇಂಥ ಊರಿನಲ್ಲಿ ಪಂದ್ಯಾವಳಿ, ಆಯೋಜಕರ ಒಪ್ಪಿಗೆ ಪತ್ರ ಇಲ್ಲಿದೆ, ದಿನಕ್ಕೆ ಹತ್ತು ನಿಮಿಷದ ವರದಿ ಕೊಡುತ್ತೇನೆ” ಎಂದು ಹೋಗಿ. ಒಪ್ಪಿಗೆ ಪತ್ರ ಮರೆಯಬೇಡಿ. ದೊಡ್ಡ ಪಂದ್ಯಗಳ ಪ್ರಸಾರದ ಹಕ್ಕು ಮಾರಾಟವಾಗಿರುತ್ತದೆ. ನವುಲೆಯಲ್ಲಿ ರಣಜಿ ಪಂದ್ಯ ನಡೆಯುತ್ತಿದೆಯೆಂದು ಗ್ಯಾಲರಿಯಲ್ಲಿ ಕುಳಿತು ನೇರ ವಿವರಣೆ ಹರಿಬಿಟ್ಟರೆ ತೊಂದರೆ ನಿಮಗೂ ಕೇಂದ್ರಕ್ಕೂ.

ಮಾದರಿ ಧ್ವನಿಮುದ್ರಣ ಕೇಳಿದರೆ ಮೂರು ನಿಮಿಷ ಸಾಕು. ಹೆಚ್ಚಿನವರು ಫೈನಲ್‌ನ ಕೊನೆಯ ಕ್ಷಣದ ಕೂಗಾಟವನ್ನು ಕಳಿಸುತ್ತಾರೆ. ಆಗ ಜನರ ಗದ್ದಲವೇ ಅರ್ಧ ಕೆಲಸ ಮಾಡಿರುತ್ತದೆ ಎಂಬುದು ಕೇಂದ್ರದವರಿಗೆ ಗೊತ್ತು. ನೀವು ಲೀಗ್ ಹಂತದ ಯಾವುದಾದರೂ ಸಪ್ಪೆ ಪಂದ್ಯದ ನಡುವಿನ ತುಂಡನ್ನು ಕಳಿಸಿ. ಕಡತದ ಹೆಸರಿನಲ್ಲಿ ನಿಮ್ಮ ಹೆಸರು, ಆಟ, ಊರು, ದಿನಾಂಕ ಇರಲಿ. ಕಳಿಸುವ ಮೊದಲು ಒಂದು ಸಲ ಕಣ್ಣು ಮುಚ್ಚಿ ಕೇಳಿ, ಮೊದಲ ಅರ್ಧ ನಿಮಿಷದೊಳಗೆ ಎಷ್ಟಕ್ಕೆ ಎಷ್ಟು ಎಂದು ಹೇಳಿದ್ದೀರಾ ನೋಡಿಕೊಳ್ಳಿ.